ಡಿವಿಡಿ ಪ್ರತಿ ಮಾಡುವಾಗ ಓದುವ ವೇಗ ಮತ್ತು ದೋಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಊರ ಜಾತ್ರೆಯ ಬಯಲಾಟ: 2000ದ ದಶಕದಲ್ಲಿ ಸ್ಟುಡಿಯೊದವರು ಚಿತ್ರೀಕರಿಸಿ ಡಿವಿಡಿಗೆ ಬರೆದುಕೊಟ್ಟ ಎಷ್ಟೋ ದೃಶ್ಯಗಳಿಗೆ ಇಂದು ಆ ಒಂದು ಡಿಸ್ಕ್ ಬಿಟ್ಟು ಬೇರೆ ಮೂಲವಿಲ್ಲ. ಅವನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಲು ಕುಳಿತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ, ರಕ್ಷಣೆಯ ಬೀಗವಿಲ್ಲದ ಡಿಸ್ಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ವೇಗವಾಗಿ ಓದಿಸಿದರೆ ಪ್ರತಿಯ ಗುಣಮಟ್ಟ ಕಡಿಮೆಯಾಗುತ್ತದೆಯೇ?

ಇಲ್ಲ. ಡಿವಿಡಿಯಲ್ಲಿರುವುದು ಅಂಕಿಗಳ ರೂಪದ ದತ್ತಾಂಶ. ಡ್ರೈವ್ ಒಂದು ಸೆಕ್ಟರನ್ನು (ಡಿಸ್ಕಿನ ದತ್ತಾಂಶದ ಒಂದು ಸಣ್ಣ ತುಂಡು) ಸರಿಯಾಗಿ ಓದಿತೆಂದರೆ 2 ಎಕ್ಸ್‌ನಲ್ಲಿ (ಮೂಲ ವೇಗದ ಎರಡು ಪಟ್ಟಿನಲ್ಲಿ) ಸಿಕ್ಕ ಬೈಟುಗಳೇ 16 ಎಕ್ಸ್‌ನಲ್ಲೂ ಸಿಗುತ್ತವೆ. ಬಣ್ಣ ಮಾಸುವುದಾಗಲಿ, ಧ್ವನಿ ಒಡೆಯುವುದಾಗಲಿ ಓದುವ ವೇಗದಿಂದ ಆಗುವುದಿಲ್ಲ. ಆಡಿಯೊ ಸಿಡಿಯ ವಿಷಯ ಸ್ವಲ್ಪ ಬೇರೆ. ಅಲ್ಲಿ ತಿದ್ದಲಾಗದ ಮಾದರಿಗಳನ್ನು ಅಕ್ಕಪಕ್ಕದವುಗಳ ಆಧಾರದ ಮೇಲೆ ಊಹಿಸಿ ತುಂಬುವ ಪದ್ಧತಿಯಿದೆ, ಹಾಗಾಗಿ ಕಿವಿಗೆ ಹಿಡಿಯದ ಸಣ್ಣ ತಪ್ಪುಗಳು ಪ್ರತಿಯೊಳಗೆ ಸೇರಿಕೊಳ್ಳಬಹುದು. ಡಿವಿಡಿಯ ಪ್ರತಿಯೊಂದು ಸೆಕ್ಟರಿನಲ್ಲಿ 2,048 ಬೈಟು ದತ್ತಾಂಶದ ಜೊತೆಗೆ ದೋಷ ಪತ್ತೆಗೆಂದೇ 4 ಬೈಟು ಮೀಸಲಿವೆ, ಮತ್ತು ಲೆಕ್ಕ ತಾಳೆಯಾಗದಿದ್ದರೆ ಡ್ರೈವ್ ದತ್ತಾಂಶ ಕೊಡುವುದನ್ನು ಬಿಟ್ಟು ದೋಷವನ್ನು ವರದಿ ಮಾಡುತ್ತದೆ.

ಆದ್ದರಿಂದ ವೇಗ ನಿರ್ಧರಿಸುವುದು ಒಂದನ್ನೇ: ಆ ಸೆಕ್ಟರ್ ಓದಲು ಸಿಗುತ್ತದೆಯೋ ಇಲ್ಲವೋ. ಮುಂದಿನ ಎಲ್ಲ ಉತ್ತರಗಳೂ ಈ ಮಾತಿನ ಮೇಲೆಯೇ ನಿಂತಿವೆ.

16 ಎಕ್ಸ್ ಎಂದರೆ ಎಷ್ಟು ವೇಗ? ಡಿಸ್ಕ್ ಪೂರ್ತಿ ಅದೇ ವೇಗದಲ್ಲಿ ಓದುತ್ತದೆಯೇ?

ಡಿವಿಡಿಯ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂ.ಬಿ. ಇದು ಸಿಡಿಯ 1 ಎಕ್ಸ್‌ನ ಸುಮಾರು ಒಂಬತ್ತು ಪಟ್ಟು. 4.7 ಜಿ.ಬಿ.ಯ ತುಂಬಿದ ಡಿಸ್ಕನ್ನು 1 ಎಕ್ಸ್‌ನಲ್ಲಿ ಓದಲು ಐವತ್ತಾರು ನಿಮಿಷಕ್ಕೂ ಹೆಚ್ಚು ಬೇಕು. 4 ಎಕ್ಸ್‌ನಲ್ಲಿ ಹದಿನಾಲ್ಕು ನಿಮಿಷ ಸಾಕು.

ಡ್ರೈವಿನ ಮೇಲೆ ಮುದ್ರಿಸಿದ 16 ಎಕ್ಸ್ ಎಂಬುದು ಗರಿಷ್ಠ ವೇಗ ಮಾತ್ರ. ಇಂತಹ ಡ್ರೈವ್‌ಗಳು ಡಿಸ್ಕನ್ನು ಒಂದೇ ಸಮನಾದ ಸುತ್ತುವಿಕೆಯಲ್ಲಿ, ಏಕಪದರದ ಡಿಸ್ಕಾದರೆ ನಿಮಿಷಕ್ಕೆ 9,000ಕ್ಕೂ ಹೆಚ್ಚು ಸುತ್ತಿನಂತೆ ತಿರುಗಿಸುತ್ತವೆ. ಒಳಭಾಗದ ಸುತ್ತು ಚಿಕ್ಕದು, ಹೊರಭಾಗದ್ದು ದೊಡ್ಡದು. ಹಾಗಾಗಿ ಓದು ಒಳಗೆ ಆರೂವರೆ ಎಕ್ಸ್‌ನ ಆಸುಪಾಸಿನಲ್ಲಿ ಆರಂಭವಾಗಿ, ಹೊರ ಅಂಚಿಗೆ ಹೋದಾಗಷ್ಟೇ 16 ಎಕ್ಸ್ ಮುಟ್ಟುತ್ತದೆ. ಲ್ಯಾಪ್‌ಟಾಪ್‌ಗಳ ತೆಳು ಡ್ರೈವ್‌ಗಳಿಗೆ ಸಾಮಾನ್ಯವಾಗಿ 8 ಎಕ್ಸ್ ಗರಿಷ್ಠ.

ವೇಗ ಹೆಚ್ಚಿದಂತೆ ಓದಿನ ದೋಷ ಏಕೆ ಹೆಚ್ಚುತ್ತದೆ?

ದತ್ತಾಂಶದ ಗುರುತುಗಳು ಕೂತಿರುವ ಡಿವಿಡಿಯ ಸುರುಳಿ ಪಥದ ಒಂದು ಸಾಲಿಗೂ ಪಕ್ಕದ ಸಾಲಿಗೂ ಇರುವ ಅಂತರ 0.74 ಮೈಕ್ರಾನ್, ಅತಿ ಚಿಕ್ಕ ಗುರುತಿನ ಉದ್ದ 0.4 ಮೈಕ್ರಾನ್. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಇದರ ಮೇಲೆ ಕೇಂದ್ರೀಕರಿಸಿಕೊಂಡೇ ಸಾಗಬೇಕು. ಯಾವ ಡಿಸ್ಕೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ನಡುವಿನ ರಂಧ್ರವೂ ಪಥದ ಕೇಂದ್ರಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಕೂಡುವುದಿಲ್ಲ. ಆದ್ದರಿಂದ ಡಿಸ್ಕ್ ತಿರುಗುವಾಗ ಪಥವು ಮೇಲೆ ಕೆಳಗೆ, ಅತ್ತ ಇತ್ತ ಓಲಾಡುತ್ತದೆ. ಮಸೂರವನ್ನು ಹೊತ್ತ ಸಣ್ಣ ವಿದ್ಯುತ್ ಸುರುಳಿಗಳು ಆ ಓಲಾಟವನ್ನು ಕ್ಷಣಕ್ಷಣವೂ ಹಿಂಬಾಲಿಸುತ್ತವೆ. ಹೀಗೆ ಹಿಂಬಾಲಿಸಲು ಬೇಕಾದ ವೇಗೋತ್ಕರ್ಷವು ಸುತ್ತುವಿಕೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಅದೇ ಡಿಸ್ಕನ್ನು ನಾಲ್ಕು ಪಟ್ಟು ವೇಗದಲ್ಲಿ ತಿರುಗಿಸಿದರೆ ಮಸೂರವನ್ನು ಅಲುಗಿಸಲು ಹದಿನಾರು ಪಟ್ಟು ಬಲ ಬೇಕಾಗುತ್ತದೆ. ಬಾಗಿದ ಡಿಸ್ಕ್‌ಗಳು 4 ಎಕ್ಸ್‌ನಲ್ಲಿ ಸರಾಗವಾಗಿ ಓದಿ 12 ಎಕ್ಸ್‌ನಲ್ಲಿ ಕೈಕೊಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಎರಡನೆಯದು ಸಂಕೇತದ ಸ್ಪಷ್ಟತೆ. 1 ಎಕ್ಸ್‌ನಲ್ಲಿ ಡ್ರೈವ್ ಸೆಕೆಂಡಿಗೆ ಸುಮಾರು 2.6 ಕೋಟಿ ಬಿಟ್‌ಗಳನ್ನು ಗುರುತಿಸಬೇಕು, 16 ಎಕ್ಸ್‌ನಲ್ಲಿ ಸುಮಾರು 42 ಕೋಟಿ. ಅಷ್ಟು ವೇಗದ ಸಂಕೇತವನ್ನು ಹಿಡಿಯುವ ವಿದ್ಯುನ್ಮಂಡಲ ಅದರ ಜೊತೆಗೆ ಹೆಚ್ಚು ಗದ್ದಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿಫಲನ ಚೆನ್ನಾಗಿರುವ ಡಿಸ್ಕಿನಲ್ಲಿ ಇದು ಗಮನಕ್ಕೆ ಬಾರದು. ದತ್ತಾಂಶ ಬರೆದಿರುವ ಬಣ್ಣದ ಪದರ ಹಳತಾಗಿ, ಗುರುತುಗಳ ಅಂಚು ಮಸುಕಾದ ಬರೆದ ಡಿಸ್ಕಿನಲ್ಲಿ ಮಾತ್ರ ಉಳಿದಿದ್ದ ಅಲ್ಪ ಅಂತರವನ್ನೂ ಇದು ನುಂಗಿಹಾಕುತ್ತದೆ.

ಮೂರನೆಯದು ಕಂಪನ. ತೂಕ ಸಮವಾಗಿ ಹರಡಿರದ ಡಿಸ್ಕ್ ವೇಗವಾಗಿ ತಿರುಗಿದಾಗ ಡ್ರೈವಿನ ಇಡೀ ಚೌಕಟ್ಟೇ ನಡುಗುತ್ತದೆ. ಮೇಜಿನ ಮೇಲೆ ಕೈಯಿಟ್ಟರೆ ಅದು ಅಂಗೈಗೆ ತಿಳಿಯುತ್ತದೆ.

ಸಣ್ಣ ಗೀರುಗಳನ್ನು ಡ್ರೈವ್ ತಾನೇ ತಿದ್ದಿಕೊಳ್ಳುತ್ತದೆ ಎನ್ನುತ್ತಾರೆ. ಅದಕ್ಕೂ ವೇಗಕ್ಕೂ ಏನು ಸಂಬಂಧ?

ಈ ಪ್ರಶ್ನೆಗೆ ತುಸು ವಿವರವಾಗಿ ಉತ್ತರಿಸಬೇಕು, ಏಕೆಂದರೆ ಉಳಿದ ಗೊಂದಲಗಳೆಲ್ಲ ಇಲ್ಲಿಯೇ ಬಿಡಿಸಿಕೊಳ್ಳುತ್ತವೆ.

ಡಿವಿಡಿಯಲ್ಲಿ ದತ್ತಾಂಶವನ್ನು 16 ಸೆಕ್ಟರ್‌ಗಳ, ಅಂದರೆ 32 ಕೆ.ಬಿ.ಯ ಕಂತೆಗಳಾಗಿ ಕಟ್ಟಲಾಗುತ್ತದೆ. ಕಂತೆಯನ್ನು 172 ಬೈಟುಗಳ 192 ಸಾಲುಗಳಾಗಿ ಹರಡಿ, ಪ್ರತಿ ಸಾಲಿಗೆ 10 ಬೈಟುಗಳನ್ನೂ ಕೆಳಗೆ 16 ಹೆಚ್ಚುವರಿ ಸಾಲುಗಳನ್ನೂ ದೋಷ ತಿದ್ದುವುದಕ್ಕೆಂದು ಸೇರಿಸುತ್ತಾರೆ. ಹೀಗೆ 182 ಬೈಟುಗಳ 208 ಸಾಲುಗಳಾಗುತ್ತವೆ. ಇದು ರೀಡ್-ಸಾಲೊಮನ್ ಎಂಬ ದೋಷ ತಿದ್ದುವ ಗಣಿತ ಸಂಕೇತದ ಎರಡು ಹಂತದ ಬಳಕೆ. ಮೊದಲ ಹಂತದಲ್ಲಿ ಪ್ರತಿ ಸಾಲಿನಲ್ಲಿ 5 ಬೈಟುಗಳವರೆಗಿನ ತಪ್ಪನ್ನು ಸರಿಪಡಿಸಬಹುದು. ಅದಕ್ಕೂ ಮೀರಿದ ಸಾಲನ್ನು ಕೆಟ್ಟಿದೆ ಎಂದು ಗುರುತುಹಾಕಿ ಎರಡನೆಯ ಹಂತಕ್ಕೆ ಕಳಿಸಲಾಗುತ್ತದೆ. ಅಲ್ಲಿ 16 ಸಾಲುಗಳವರೆಗೆ ಪೂರ್ತಿ ಕಳೆದುಹೋಗಿದ್ದರೂ ಮತ್ತೆ ಕಟ್ಟಬಹುದು. ಪಥದ ಉದ್ದಕ್ಕೆ ಅಳೆದರೆ ಇದು ಸುಮಾರು 6 ಮಿ.ಮೀ. ನಷ್ಟಕ್ಕೆ ಸಮ. ಇಷ್ಟು ಉದಾರವಾದ ವ್ಯವಸ್ಥೆ ಇರುವುದರಿಂದಲೇ ಇಪ್ಪತ್ತು ವರ್ಷದ ಹಿಂದಿನ ಗೀರು ಬಿದ್ದ ಡಿಸ್ಕ್‌ಗಳೂ ಇಂದು ಓದುತ್ತಿವೆ.

ಈಗ ವೇಗಕ್ಕೆ ಬರೋಣ. ಗೀರಿನ ಉದ್ದ ಎಂದಿಗೂ ಅಷ್ಟೇ. ಆದರೆ ಲೇಸರ್ ಗೀರಿನ ಮೇಲೆ ಹಾಯ್ದಾಗ ಕೇಂದ್ರೀಕರಣ ಅಥವಾ ಪಥದ ಹಿಡಿತ ತಪ್ಪಿದರೆ ಅದನ್ನು ಮರಳಿ ಪಡೆಯಲು ಡ್ರೈವಿಗೆ ಒಂದಿಷ್ಟು ಸಮಯ ಬೇಕು. ಆ ಸಮಯದಲ್ಲಿ ಡಿಸ್ಕ್ ನಿಲ್ಲುವುದಿಲ್ಲ. 16 ಎಕ್ಸ್‌ನಲ್ಲಿ ಪಥವು ಲೇಸರಿನ ಕೆಳಗೆ ಸೆಕೆಂಡಿಗೆ ಸುಮಾರು 56 ಮೀಟರ್ ಓಡುತ್ತಿರುತ್ತದೆ, ಆ 6 ಮಿ.ಮೀ. ಅವಕಾಶವೆಲ್ಲ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. 4 ಎಕ್ಸ್‌ನಲ್ಲಿ ಅಷ್ಟೇ ದಾರಿಗೆ ನಾಲ್ಕು ಪಟ್ಟು ಸಮಯವಿರುತ್ತದೆ. ಗೀರೇನೋ 2 ಮಿ.ಮೀ. ಇರಬಹುದು, ಆದರೆ ಹಿಡಿತ ಮರಳುವಷ್ಟರಲ್ಲಿ ಕಳೆದುಹೋದ ದಾರಿಯನ್ನೂ ಸೇರಿಸಿದಾಗ ತಿದ್ದುವ ಮಿತಿಯನ್ನು ದಾಟುತ್ತದೋ ಇಲ್ಲವೋ ಎಂಬುದನ್ನು ವೇಗ ತೀರ್ಮಾನಿಸುತ್ತದೆ.

ಗೀರಿನ ದಿಕ್ಕೂ ಮುಖ್ಯ. ಉತ್ತ ಹೊಲವನ್ನು ಅಡ್ಡಲಾಗಿ ದಾಟಿದವನು ಪ್ರತಿ ಸಾಲಿನಲ್ಲಿ ಒಂದೆರಡು ಸಸಿ ತುಳಿದಿರುತ್ತಾನೆ. ಸಾಲಿನುದ್ದಕ್ಕೂ ನಡೆದವನು ಆ ಸಾಲನ್ನೇ ಹಾಳುಮಾಡಿರುತ್ತಾನೆ. ಹಾಗೆಯೇ ನಡುವಿನಿಂದ ಅಂಚಿಗೆ ಎಳೆದಂತಿರುವ ಗೀರಿಗಿಂತ ಪಥದ ಗುಂಟ ಸುತ್ತಿಕೊಂಡ ಗೀರು ಬಹಳ ಅಪಾಯಕಾರಿ. ಡಿಸ್ಕನ್ನು ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಉಜ್ಜಬಾರದು ಎನ್ನುವುದಕ್ಕೆ ಇದೇ ಕಾರಣ.

ಪ್ರತಿ ಮಾಡುವುದು ಯಾವಾಗಲೂ ಕೊನೆಯ ಭಾಗಕ್ಕೆ ಬಂದಾಗಲೇ ನಿಲ್ಲುತ್ತದೆ. ಏಕೆ?

ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ, ಆದ್ದರಿಂದ ಕೊನೆಯ ಭಾಗ ಎಂದರೆ ಹೊರ ಅಂಚು. ಕೈಬೆರಳು ತಾಗುವುದು ಅಲ್ಲಿ, ತೇವ ಒಳನುಗ್ಗುವುದು ಅಲ್ಲಿಂದ, ಬಾಗಿದ ಡಿಸ್ಕ್ ಹೆಚ್ಚು ಓಲಾಡುವುದೂ ಅಲ್ಲೇ. ಬರೆಯುವಾಗಲೂ ಡ್ರೈವ್ ಸಾಮಾನ್ಯವಾಗಿ ಆ ಭಾಗದಲ್ಲೇ ಅತಿ ಹೆಚ್ಚು ವೇಗದಲ್ಲಿ ಬರೆದಿರುತ್ತದೆ. ಇಷ್ಟೆಲ್ಲ ದೌರ್ಬಲ್ಯವಿರುವ ಜಾಗವನ್ನೇ ಡ್ರೈವ್ ತನ್ನ ಗರಿಷ್ಠ ವೇಗದಲ್ಲಿ ಓದುತ್ತದೆ. ಮದುವೆಯ ಡಿವಿಡಿಯಲ್ಲಿ ಮಂಟಪದ ದೃಶ್ಯಗಳು ಚೆನ್ನಾಗಿ ಬಂದು ಆರತಕ್ಷತೆಯ ಭಾಗದಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುವುದನ್ನು ನೋಡಿದವರು ಬಹಳ ಮಂದಿಯಿದ್ದಾರೆ.

8.5 ಜಿ.ಬಿ.ಯ ಎರಡು ಪದರದ ವಿಡಿಯೊ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಪದರ ಒಳಗಿನಿಂದ ಹೊರಕ್ಕೂ ಎರಡನೆಯದು ಹೊರಗಿನಿಂದ ಒಳಕ್ಕೂ ಸಾಗುತ್ತದೆ. ಅಂತಹ ಡಿಸ್ಕ್ ಅರ್ಧದ ಆಸುಪಾಸಿನಲ್ಲಿ ತೊಡರಿದರೆ ಅದೂ ಹೊರ ಅಂಚಿನ ತೊಂದರೆಯೇ.

ಹಾಗಾದರೆ ಸದಾ ಕನಿಷ್ಠ ವೇಗದಲ್ಲೇ ಓದಿಸುವುದು ಒಳ್ಳೆಯದಲ್ಲವೇ?

ಅಲ್ಲ. ನಿಧಾನವಾದಷ್ಟೂ ಸುರಕ್ಷಿತ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ವೇಗವಾಗಿ ಓದಲೆಂದು ರೂಪಿಸಿದ ಡ್ರೈವ್‌ಗಳಲ್ಲಿ ಕೆಲವು ತೀರಾ ಕೆಳಗಿನ ವೇಗವನ್ನು ಒಪ್ಪುವುದೇ ಇಲ್ಲ. 1 ಎಕ್ಸ್ ಎಂದು ಕೇಳಿದರೂ ತಮ್ಮ ಕನಿಷ್ಠ ಮಟ್ಟದಲ್ಲೇ ಓದುತ್ತವೆ. ಇನ್ನು ಕೆಲವು ಡ್ರೈವ್‌ಗಳು 4 ಎಕ್ಸ್‌ನಲ್ಲಿ ಓದಿದ್ದನ್ನು 2 ಎಕ್ಸ್‌ನಲ್ಲಿ ಓದಲಾರದೆ ಹೋಗುವುದೂ ಉಂಟು. ಒಳ್ಳೆಯ ಸ್ಥಿತಿಯಲ್ಲಿರುವ ಡಿಸ್ಕನ್ನು ಒಂದು ಗಂಟೆ ತಿರುಗಿಸಿ ಪಡೆಯುವ ಪ್ರತಿ, ಐದಾರು ನಿಮಿಷದಲ್ಲಿ ಪಡೆದ ಪ್ರತಿಗಿಂತ ಒಂದು ಬಿಟ್‌ನಷ್ಟೂ ಉತ್ತಮವಾಗಿರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬರೆದ ಹಳೆಯ ಡಿಸ್ಕ್‌ಗಳಿಗೆ 4 ಎಕ್ಸ್‌ನಿಂದ 8 ಎಕ್ಸ್ ಒಳಗೆ ಆರಂಭಿಸುವುದು ಸೂಕ್ತ. ತೊಂದರೆ ಕಂಡ ಭಾಗಕ್ಕೆ ಮಾತ್ರ ಇನ್ನೂ ಕೆಳಗಿಳಿಯಬೇಕು.

ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತದಲ್ಲ, ನಾವೇಕೆ ನಿಗದಿ ಮಾಡಬೇಕು?

ಇಳಿಸಿಕೊಳ್ಳುತ್ತದೆ, ನಿಜ. ದೋಷ ಎದುರಾದಾಗ ಡ್ರೈವಿನ ಗುಂಯ್‌ಗುಡುವಿಕೆ ತಗ್ಗುವುದು, ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದು ಮಸೂರ ಹಿಂದೆ ಮುಂದೆ ಚಲಿಸುವುದು, ಮತ್ತೆ ಸದ್ದು ಏರುವುದು ಕೇಳಿಸುತ್ತದೆ. ತೊಂದರೆಯಿರುವುದು ಆ ಏರುವಿಕೆಯಲ್ಲಿ. ನಾಲ್ಕು ಸೆಕ್ಟರ್ ದಾಟಿದೊಡನೆ ವೇಗ ಹೆಚ್ಚಿಸಿಕೊಂಡು ಮುಂದಿನ ಗೀರಿಗೆ ಪುನಃ ಎಡವುವ ಡ್ರೈವ್, ಮೊದಲಿನಿಂದಲೇ 4 ಎಕ್ಸ್‌ಗೆ ಕಟ್ಟಿಹಾಕಿದ ಡ್ರೈವಿಗಿಂತ ತಡವಾಗಿ ಕೆಲಸ ಮುಗಿಸುವುದು ಅಪರೂಪವಲ್ಲ. ಪದೇ ಪದೇ ವೇಗ ಬದಲಾಗುವುದರಿಂದ ಮೋಟರಿಗೂ ಶ್ರಮ.

ವೇಗ ತಗ್ಗಿದೆ ಎಂದ ಮಾತ್ರಕ್ಕೆ ದೋಷವಿದೆ ಎಂದೂ ತಿಳಿಯಬಾರದು. ಕೆಲವು ಡ್ರೈವ್‌ಗಳ ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ), ಡಿಸ್ಕಿನಲ್ಲಿ ವಿಡಿಯೊ ಇದೆಯೆಂದು ಕಂಡೊಡನೆ ಸದ್ದು ಕಡಿಮೆಯಿರಲೆಂದು ವೇಗಕ್ಕೆ ಮಿತಿ ಹಾಕುತ್ತದೆ.

ಓದುವ ವೇಗವನ್ನು ನಿಗದಿ ಮಾಡುವುದು ಹೇಗೆ?

ವಿಂಡೋಸ್‌ನಲ್ಲಿ ಇಮ್‌ಜಿಬರ್ನ್ ತಂತ್ರಾಂಶದ ಓದುವ ವಿಭಾಗದಲ್ಲಿ ವೇಗವನ್ನು ಆರಿಸಿಕೊಳ್ಳುವ ಪಟ್ಟಿಯಿದೆ. ಲಿನಕ್ಸ್‌ನಲ್ಲಿ ಡಿಸ್ಕ್ ಹೊರತೆಗೆಯುವ ಇಜೆಕ್ಟ್ ಆಜ್ಞೆಯಲ್ಲೇ ವೇಗ ನಿಗದಿಯ ಆಯ್ಕೆಯೂ ಇದೆ. ನಿಗದಿ ಮಾಡಿದ ಮೇಲೆ ಪ್ರತಿಯಾಗುವಾಗ ತೋರುವ ಎಂ.ಬಿ. ಲೆಕ್ಕವನ್ನು 1.385ರಿಂದ ಭಾಗಿಸಿ ನೋಡಿ. ಡ್ರೈವ್ ನಿಮ್ಮ ಮಾತು ಕೇಳಿದೆಯೋ ಇಲ್ಲವೋ ತಿಳಿಯುತ್ತದೆ. ಡಿಸ್ಕ್ ಹೊರತೆಗೆದು ಮತ್ತೆ ಹಾಕಿದರೆ ಈ ನಿಗದಿ ಅಳಿಸಿಹೋಗಬಹುದು, ಪ್ರತಿ ಸಲ ಪರೀಕ್ಷಿಸಿಕೊಳ್ಳಬೇಕು.

ವಧೂವರರ ಚಿತ್ರವಿರುವ ಸ್ಟಿಕ್ಕರ್ ಅಂಟಿಸಿದ ಡಿಸ್ಕ್‌ಗಳಿಗೆ ಏನಾದರೂ ವಿಶೇಷ ಎಚ್ಚರಿಕೆ ಬೇಕೇ?

ಖಂಡಿತ ಬೇಕು. ಡಿವಿಡಿ ಎಂಬುದು 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಅಂಟಿಸಿ ಮಾಡಿದ ವಸ್ತು. ಅದರ ಮೇಲೆ ಕಾಗದ ಅಂಟಿಸಿದಾಗ, ಕಾಗದ ತೇವ ಹೀರಿ ಹಿಗ್ಗಿ, ಒಣಗಿ ಕುಗ್ಗಿ, ಡಿಸ್ಕನ್ನು ಬಾಗಿಸುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲಗಳನ್ನು ಕಂಡ ಡಿಸ್ಕ್‌ಗಳಲ್ಲಿ ಸ್ಟಿಕ್ಕರಿನ ಅಂಚು ಎದ್ದಿರುವುದು ಸಾಮಾನ್ಯ. ಸ್ಟಿಕ್ಕರ್ ಕೂದಲೆಳೆಯಷ್ಟು ಒಂದು ಬದಿಗೆ ಸರಿದು ಅಂಟಿದ್ದರೂ ತೂಕ ಏರುಪೇರಾಗುತ್ತದೆ.

ಇಂತಹ ಡಿಸ್ಕನ್ನು ಗರಿಷ್ಠ ವೇಗಕ್ಕೆ ಬಿಡಲೇಬಾರದು. ಎದ್ದ ಅಂಚು ಡ್ರೈವಿನೊಳಗೆ ಸಿಕ್ಕಿಕೊಂಡರೆ ಡಿಸ್ಕಿಗೂ ಡ್ರೈವಿಗೂ ಅಪಾಯ. ಹಾಗೆಂದು ಸ್ಟಿಕ್ಕರನ್ನು ಕೀಳಲು ಹೋಗುವುದು ಇನ್ನೂ ಕೆಟ್ಟದ್ದು: ಅಂಟು ಮೇಲಿನ ಹಾಳೆಯನ್ನು ಎಳೆದು ಎರಡು ಹಾಳೆಗಳ ನಡುವಿನ ಬೆಸುಗೆಯನ್ನೇ ಬಿಡಿಸಬಹುದು. ಎದ್ದ ತುಣುಕನ್ನಷ್ಟೇ ಕತ್ತರಿಯಿಂದ ಎಚ್ಚರಿಕೆಯಿಂದ ಕತ್ತರಿಸಿ, 2 ಅಥವಾ 4 ಎಕ್ಸ್‌ಗೆ ಮಿತಿಗೊಳಿಸಿ, ಮೊದಲ ಸಲದಲ್ಲೇ ಪೂರ್ತಿ ಪ್ರತಿ ತೆಗೆದುಕೊಳ್ಳುವುದು ಲೇಸು.

ವೇಗ ಇಳಿಸಿದರೂ ಕೆಲವು ಭಾಗ ಓದದಿದ್ದರೆ?

ಮೊದಲು ಡಿಸ್ಕನ್ನು ಶುದ್ಧ ನೀರಿನಿಂದ, ಬೇಕಾದರೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಮೃದು ಬಟ್ಟೆಯಲ್ಲಿ ಒರೆಸಿ. ಕಾಗದದ ಸ್ಟಿಕ್ಕರ್ ಇದ್ದರೆ ನೀರಿಗೆ ಹಿಡಿಯದೆ ಓದುವ ಬದಿಯನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಎಷ್ಟೋ ಸಲ ಗೀರೆಂದು ಭಾವಿಸಿದ್ದು ಹಳೆಯ ಬೆರಳಚ್ಚಾಗಿರುತ್ತದೆ.

ಅನಂತರ ಕಡತಗಳನ್ನು ಎಳೆದು ಹಾಕುವ ಸಾಮಾನ್ಯ ವಿಧಾನವನ್ನು ಬಿಡಬೇಕು. ವಿಂಡೋಸ್ ಮೊದಲ ಕೆಟ್ಟ ಸೆಕ್ಟರಿಗೇ ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂಬ ಸಂದೇಶ ತೋರಿಸಿ ಆ ಕಡತದ ಪ್ರತಿಯನ್ನು ನಿಲ್ಲಿಸಿಬಿಡುತ್ತದೆ, 1 ಜಿ.ಬಿ.ಯ ವಿಒಬಿ (ಡಿವಿಡಿಯ ವಿಡಿಯೊ) ಕಡತದಲ್ಲಿ ಕೆಟ್ಟಿರುವುದು 32 ಕೆ.ಬಿ. ಆಗಿದ್ದರೂ ಇಡೀ ಕಡತ ಕೈತಪ್ಪುತ್ತದೆ. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಅತ್ಯುತ್ತಮ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಸಿಗದ ಜಾಗಗಳನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಟ್ಟು, ಮುಂದಿನ ಸುತ್ತುಗಳಲ್ಲಿ ಆ ಜಾಗಗಳಿಗೆ ಮಾತ್ರ ಮರಳುತ್ತದೆ. ಮೊದಲ ಸುತ್ತನ್ನು 8 ಎಕ್ಸ್‌ನಲ್ಲಿ ಮುಗಿಸಿ, ಉಳಿದ ತುಣುಕುಗಳಿಗೆ 4, ಆಮೇಲೆ 2 ಎಕ್ಸ್‌ಗೆ ಇಳಿಯಬಹುದು. ಅದೇ ನಕ್ಷೆ ಕಡತವನ್ನು ಇಟ್ಟುಕೊಂಡು ಡಿಸ್ಕನ್ನು ಬೇರೊಂದು ಡ್ರೈವಿಗೆ ಹಾಕಿಯೂ ಮುಂದುವರಿಸಬಹುದು. ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು: ಒಂದು ಡ್ರೈವಿನಲ್ಲಿ ವೇಗವನ್ನು ಎಷ್ಟು ಇಳಿಸಿದರೂ ಸಿಗದ ಸೆಕ್ಟರ್ ಬೇರೆ ತಯಾರಿಕೆಯ ಡ್ರೈವಿನಲ್ಲಿ ಸಿಗುವ ಸಾಧ್ಯತೆ ಸಾಕಷ್ಟಿದೆ, ಏಕೆಂದರೆ ಪ್ರತಿ ಡ್ರೈವಿನ ಮಸೂರ, ಅದನ್ನು ಪಥದ ಮೇಲೆ ಹಿಡಿದಿಡುವ ಸರ್ವೊ ಮತ್ತು ಸಂಕೇತ ಬಿಡಿಸುವ ಚಿಪ್ ಬೇರೆ ಬೇರೆ.

ಎಲ್ಲ ಪ್ರಯತ್ನದ ನಂತರವೂ ಒಂದು ಕಂತೆ ಉಳಿದರೆ ನಷ್ಟ ಎಷ್ಟು? ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಬರೆದ ವಿಡಿಯೊದಲ್ಲಿ 32 ಕೆ.ಬಿ. ಎಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ವಿಡಿಯೊದ ಒಂದು ಚೌಕಟ್ಟು (ಫ್ರೇಮ್) ಮತ್ತೊಂದನ್ನು ಆಧರಿಸಿರುವುದರಿಂದ ತೆರೆಯ ಮೇಲೆ ಸುಮಾರು ಅರ್ಧ ಸೆಕೆಂಡಿನ ಕಲೆ ಕಾಣಿಸೀತು. ಅದಕ್ಕಾಗಿ ಇಡೀ ಡಿಸ್ಕನ್ನು ಕೈಬಿಡಬೇಕಾಗಿಲ್ಲ.

ವೇಗಕ್ಕೆ ಸಂಬಂಧವೇ ಇಲ್ಲದ ದೋಷಗಳೂ ಇವೆಯೇ?

ಇವೆ. ಯುಎಸ್‌ಬಿ ಡ್ರೈವಿಗೆ ಸಾಕಷ್ಟು ವಿದ್ಯುತ್ ಸಿಗದಿದ್ದರೆ ಓದು ನಡುವೆಯೇ ಕಡಿದುಹೋಗುತ್ತದೆ, ಯುಎಸ್‌ಬಿ 2.0 ಕೊಂಡಿ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ಉದ್ದದ ಅಥವಾ ಸವೆದ ಕೇಬಲ್ ಅದನ್ನೂ ಪೂರ್ತಿ ತಲುಪಿಸುವುದಿಲ್ಲ. ಐಡಿಇ ಎಂಬ ಹಳೆಯ ಕೊಂಡಿಯ ಡ್ರೈವ್ ಇರುವ ವಿಂಡೋಸ್ ಎಕ್ಸ್‌ಪಿ ಗಣಕಗಳಲ್ಲಿ, ಒಟ್ಟು ಆರು ಸಲ ಓದು ವಿಫಲವಾದರೆ ವ್ಯವಸ್ಥೆಯೇ ದತ್ತಾಂಶ ಸಾಗಣೆಯ ದರ್ಜೆಯನ್ನು ಇಳಿಸುತ್ತಿತ್ತು, ಇಳಿದು ಇಳಿದು ಪಿಐಒ ಎಂಬ ಅತಿ ನಿಧಾನದ ಸ್ಥಿತಿಗೆ ಬಂದು ನಿಲ್ಲುತ್ತಿತ್ತು. ಒಂದು ಕೆಟ್ಟ ಡಿಸ್ಕ್ ಹಾಕಿದ ಮೇಲೆ ಒಳ್ಳೆಯ ಡಿಸ್ಕ್‌ಗಳೂ ತೆವಳುತ್ತಿವೆ ಎಂದು ದೂರುತ್ತಿದ್ದವರಿಗೆ ಆಗಿರುತ್ತಿದ್ದದ್ದು ಇದು. ಇನ್ನು ಆರ್ಕೋಸ್‌ನಂತಹ ವ್ಯವಸ್ಥೆ ಬಳಸಿದ ಕೆಲವು ಚಲನಚಿತ್ರ ಡಿವಿಡಿಗಳಲ್ಲಿ ನಕಲು ತಡೆಯಲೆಂದೇ ಓದಲಾಗದ ಸೆಕ್ಟರ್‌ಗಳನ್ನು ಇಟ್ಟಿರುತ್ತಾರೆ; ಅಲ್ಲಿ ವೇಗ ಇಳಿಸಿ ಪ್ರಯೋಜನವಿಲ್ಲ. ನಕಲು ಹಂಚುವ ಉದ್ದೇಶದಿಂದ ಅಂತಹ ರಕ್ಷಣೆಯನ್ನು ಮುರಿಯುವುದು ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯಂತೆ ಅಪರಾಧ ಎಂಬುದನ್ನೂ ತಿಳಿದಿರಬೇಕು.

ದೋಷಗಳನ್ನು ಎಣಿಸಿ ತೋರಿಸುವ ಪರೀಕ್ಷೆಗಳನ್ನು ನಂಬಬಹುದೇ?

ನೀರೊ ಸಿಡಿ-ಡಿವಿಡಿ ಸ್ಪೀಡ್, ಕೆಪ್ರೋಬ್ ಮುಂತಾದ ತಂತ್ರಾಂಶಗಳು ಮೇಲೆ ಹೇಳಿದ ಮೊದಲ ಹಂತದಲ್ಲಿ ತಿದ್ದಿದ ಮತ್ತು ತಿದ್ದಲಾಗದ ಸಾಲುಗಳನ್ನು ಎಣಿಸುತ್ತವೆ. ಎಂಟು ಕಂತೆಗಳಲ್ಲಿ ತಪ್ಪಿರುವ ಸಾಲುಗಳು 280ನ್ನು ಮೀರಬಾರದು ಎಂಬುದು ಮಾನದಂಡ. ಆದರೆ ಆ ಮಿತಿ 1 ಎಕ್ಸ್‌ನ ಅಳತೆಗೆ ಹೇಳಿದ್ದು. ಮನೆಯಲ್ಲಿ ಪರೀಕ್ಷಿಸುವವರು ಹೆಚ್ಚಾಗಿ 4 ಅಥವಾ 8 ಎಕ್ಸ್ ಬಳಸುತ್ತಾರೆ. ಆದ್ದರಿಂದ ಒಂದೇ ಡ್ರೈವ್, ಒಂದೇ ವೇಗ ಇದ್ದಾಗ ಮಾತ್ರ ಎರಡು ಡಿಸ್ಕ್‌ಗಳನ್ನು ಹೋಲಿಸಬೇಕು. ಎಲ್ಲ ಡ್ರೈವ್‌ಗಳೂ ಈ ಲೆಕ್ಕವನ್ನು ಹೊರಗೆ ಕೊಡುವುದಿಲ್ಲ. ಪರೀಕ್ಷೆಯ ನಿಜವಾದ ಉಪಯೋಗ ಆದ್ಯತೆ ತಿಳಿಯುವುದರಲ್ಲಿದೆ: ರಾಶಿ ಡಿಸ್ಕ್‌ಗಳಲ್ಲಿ ಯಾವುದು ಸಾಯುವ ಹಂತದಲ್ಲಿದೆಯೋ ಅದನ್ನು ಮೊದಲು ಪ್ರತಿ ಮಾಡಬೇಕು.

ಪ್ರತಿ ಸರಿಯಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ದೋಷವಿಲ್ಲ ಎಂಬ ಸಂದೇಶವನ್ನಷ್ಟೇ ನೆಚ್ಚಬೇಡಿ. ಕೆಲವು ತಂತ್ರಾಂಶಗಳಲ್ಲಿ ಓದುವ ದೋಷಗಳನ್ನು ಕಡೆಗಣಿಸುವ ಆಯ್ಕೆಯಿರುತ್ತದೆ. ಅದು ಚಾಲನೆಯಲ್ಲಿದ್ದರೆ ಸಿಗದ ಸೆಕ್ಟರ್‌ಗಳ ಜಾಗದಲ್ಲಿ ಸೊನ್ನೆಗಳು ತುಂಬಿ, ಗಾತ್ರ ಸರಿಯಾಗಿರುವ ಆದರೆ ಒಳಗೆ ತೂತಿರುವ ಪ್ರತಿ ಕೈಗೆ ಬರುತ್ತದೆ. ಇಡೀ ಡಿಸ್ಕಿನ ಪ್ರತಿಯಾದ ಐಎಸ್ಒ ಕಡತವೊಂದನ್ನು ತೆಗೆದು ಅದರ ಎಸ್ಎಚ್ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂತಹ ಸಂಖ್ಯೆಯನ್ನು) ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಬೇರೆ ಡ್ರೈವಿನಲ್ಲಿ, ಸಾಧ್ಯವಾದರೆ ಬೇರೆ ವೇಗದಲ್ಲಿ ಮತ್ತೊಮ್ಮೆ ಓದಿಸಿ ಎರಡು ಮೊತ್ತಗಳು ಹೊಂದುತ್ತವೆಯೇ ನೋಡಿ. ಹೊಂದಿದರೆ ವೇಗದ ಬಗ್ಗೆ ಇನ್ನು ಯೋಚಿಸಬೇಕಾಗಿಲ್ಲ. ಹೊಂದದಿದ್ದರೆ ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸವಿರುವ ಜಾಗವನ್ನು ಪತ್ತೆಮಾಡಿ, ಆ ಜಾಗವನ್ನಷ್ಟೇ ಕೆಳವೇಗದಲ್ಲಿ ಮತ್ತೆ ಓದಿಸಬೇಕು.